ಆಸ್ಪ್ ಎಕ್ಸ್‌ಪ್ಲೋರರ್: ಹಡಗಿಗೆ 66 ಲಕ್ಷ, ಸ್ಕೂಪಿಗೆ 2.87 ಕೋಟಿ

ಎಲೈಟ್ ಡೇಂಜರಸ್ ಅನ್ನುವ ಬಾಹ್ಯಾಕಾಶದ ವಿಡಿಯೋ ಗೇಮ್ ಆಡೋಕೆ ಶುರು ಮಾಡಿದ ಶಿವಮೊಗ್ಗದ ಗೆಳೆಯರು ಕೈಯಲ್ಲಿ ನಾಲ್ಕು ಕ್ರೆಡಿಟ್ (ಆಟದೊಳಗಿನ ದುಡ್ಡು) ಸೇರಿದ ಕೂಡಲೇ ಕೇಳುವುದು ಒಂದೇ ಪ್ರಶ್ನೆ. ದೂರ ಹೋಗೋಕೆ ಯಾವ ಹಡಗು ತಗೊಳ್ಳಲಿ? ನನ್ನ ಉತ್ತರ ಇವತ್ತಿಗೂ ಆಸ್ಪ್ ಎಕ್ಸ್‌ಪ್ಲೋರರ್. 2014ರಲ್ಲಿ ಆಟ ಬಂದಾಗಿನಿಂದ ಇರುವ ಹಳೇ ಹಡಗು ಇದು. 2024ರ ಕೊನೆಯಲ್ಲಿ ಮ್ಯಾಂಡಲೇ ಅನ್ನುವ ಹೊಸ ಹಡಗು ಬಂದ ಮೇಲೆ ಇದನ್ನು ಮೂಲೆಗೆ ಹಾಕಿ ಅನ್ನುವವರೇ ಜಾಸ್ತಿ. ಜಂಪ್ ರೇಂಜ್, ಅಂದರೆ ನಕ್ಷತ್ರದಿಂದ ನಕ್ಷತ್ರಕ್ಕೆ ಒಂದೇ ನೆಗೆತದಲ್ಲಿ ಹೋಗುವ ದೂರ ನೋಡಿದರೆ ಅವರು ಹೇಳುವುದು ಸರಿ. ಆದರೆ ಅದೊಂದನ್ನೇ ಯಾಕೆ ನೋಡಬೇಕು?

ರೇಂಜ್ ಬೇಡ ಅಂತಲ್ಲ. ಸೂರ್ಯನಿಂದ ಕೊಲೋನಿಯಾಗೆ, ಅಂದರೆ ಆಟದಲ್ಲಿ ಜನ ನೆಲೆಸಿದ ದೂರದ ಜಾಗಕ್ಕೆ, 22,000 ಜ್ಯೋತಿರ್ವರ್ಷ. ಒಂದು ಜಂಪಿಗೆ 35 ಜ್ಯೋತಿರ್ವರ್ಷ ಹೋಗುವ ಹಡಗಿಗೆ 600ಕ್ಕೂ ಹೆಚ್ಚು ಜಂಪ್ ಬೇಕು. 60 ಹೋಗುವಂತೆ ಮಾಡಿಕೊಂಡರೆ 400ರೊಳಗೆ ಮುಗಿಯುತ್ತದೆ. ಆಸ್ಪ್ ಆ ಮಟ್ಟಕ್ಕೆ ಏರುತ್ತದೆ. ಆಟದೊಳಗಿನ ಎಂಜಿನಿಯರ್ ಫೆಲಿಸಿಟಿ ಫಾರ್ಸೀರ್ ಹತ್ತಿರ ಹೋಗಿ ಜಂಪ್ ಮಾಡಿಸುವ ಡ್ರೈವ್ ಸರಿ ಮಾಡಿಸಬೇಕು. ಆಮೇಲೆ ಗಾರ್ಡಿಯನ್ ಬೂಸ್ಟರ್ ಹಾಕಬೇಕು. 5ನೇ ಸೈಜಿನ ಆ ಬೂಸ್ಟರ್ ಒಂದೇ 10.5 ಜ್ಯೋತಿರ್ವರ್ಷ ಸೇರಿಸುತ್ತದೆ.

ಆದರೆ ದಾರಿಯಲ್ಲಿ ಸಮಯ ತಿನ್ನುವುದು ಜಂಪ್ ಮಾತ್ರ ಅಲ್ಲ, ಇಂಧನ ತುಂಬುವುದೂ ಹೌದು. ನಕ್ಷತ್ರದ ಅಂಚಿನಲ್ಲಿ ಹಾರುತ್ತಾ ಸ್ಕೂಪ್ ಅನ್ನುವ ಉಪಕರಣದಿಂದ ಇಂಧನ ಎಳೆದುಕೊಳ್ಳಬೇಕು, ಅದೂ ಕೆ, ಜಿ, ಬಿ, ಎಫ್, ಓ, ಎ, ಎಂ ವರ್ಗದ ನಕ್ಷತ್ರಗಳಲ್ಲಿ ಮಾತ್ರ. ಆಸ್ಪ್ ಎಕ್ಸ್‌ಪ್ಲೋರರ್‌ಗೆ 6ನೇ ಸೈಜಿನ ಸ್ಕೂಪ್ ಹಿಡಿಯುತ್ತದೆ. ಅದರಲ್ಲಿ ಎ ದರ್ಜೆಯದು ಸೆಕೆಂಡಿಗೆ 878 ಕೆಜಿ ಎಳೆಯುತ್ತದೆ. 32 ಟನ್ನಿನ ಟ್ಯಾಂಕ್ ಮುಕ್ಕಾಲು ನಿಮಿಷದೊಳಗೆ ಭರ್ತಿ. ಇದಕ್ಕಿಂತ ಚಿಕ್ಕ ಹಡಗು ಡೈಮಂಡ್‌ಬ್ಯಾಕ್ ಎಕ್ಸ್‌ಪ್ಲೋರರ್‌ಗೂ ಟ್ಯಾಂಕ್ ಅಷ್ಟೇ, ಆದರೆ ಸ್ಕೂಪ್ 4ನೇ ಸೈಜಿಗೆ ನಿಲ್ಲುತ್ತದೆ, ಸೆಕೆಂಡಿಗೆ 342 ಕೆಜಿ. ಒಂದು ಸಲಕ್ಕೆ ಈ ವ್ಯತ್ಯಾಸ ಏನೂ ಅಲ್ಲ. ನೂರಾರು ಸಲ ಆದಾಗ ಕುತ್ತಿಗೆ ನೋವು ಬರುತ್ತದೆ, ಅಷ್ಟೇ.

ಇಲ್ಲಿ ಯಾರೂ ಮೊದಲೇ ಹೇಳದ ಒಂದು ವಿಷಯ ಇದೆ. ಹಡಗು ಸುಮಾರು 66 ಲಕ್ಷ ಕ್ರೆಡಿಟ್. ಆ 6ಎ ಸ್ಕೂಪ್ ಸುಮಾರು 2.87 ಕೋಟಿ! ನಾಲ್ಕು ಹಡಗಿನ ದುಡ್ಡು. ಅದಕ್ಕೇ ಹೇಳುವುದು, ಹಡಗಿನ ಬೆಲೆ ನೋಡಿ ಕುಣಿಯಬೇಡಿ. ಒಂದು ದರ್ಜೆ ಕೆಳಗಿನ 6ಬಿ ಇದರ ಕಾಲು ಬೆಲೆಗೆ ಸಿಗುತ್ತದೆ, ಶುರುವಿಗೆ ಧಾರಾಳ ಸಾಕು. ಡ್ರೈವ್ ಮಾತ್ರ ಎ ದರ್ಜೆ, ಉಳಿದದ್ದೆಲ್ಲ ಹಗುರವಾದ ಡಿ ದರ್ಜೆ ಹಾಕಿ. ತೂಕ ಇಳಿದಷ್ಟೂ ಜಂಪ್ ಉದ್ದ.

ಇನ್ನು ಎಲ್ಲ ಕೆಲಸಕ್ಕೂ ಬರುತ್ತದಾ? ನಮ್ಮ ಹೊಸನಗರ, ತೀರ್ಥಹಳ್ಳಿ ಕಡೆಯ ಜೀಪಿನ ಹಾಗೆ ಅಡಿಕೆ ಮೂಟೆಗೂ ಸೈ, ಮದುವೆ ದಿಬ್ಬಣಕ್ಕೂ ಸೈ. ಆದರೆ ಎರಡೂ ಒಟ್ಟಿಗೆ ಆಗುವುದಿಲ್ಲ. ಸಣ್ಣ ಶೀಲ್ಡ್ ಇಟ್ಟುಕೊಂಡೂ 100 ಟನ್ ಮೀರಿ ಸರಕು ಹೊರಬಹುದು, ಆಗ ಸ್ಕೂಪ್ ಇಳಿಸಬೇಕು. ಗಣಿ ಕೆಲಸ, ಪ್ರಯಾಣಿಕರು, ಎಲ್ಲ ನಡೆಯುತ್ತದೆ. ಜಗಳಕ್ಕೆ ಮಾತ್ರ ಹೋಗಬೇಡಿ. ಬಂದೂಕಿಗೆ ಆರು ಜಾಗ ಇದ್ದರೂ ನಾಲ್ಕು ಸಣ್ಣವು, ಎರಡು ಮಧ್ಯಮ. ನಾನಂತೂ ಕಡಲ್ಗಳ್ಳರು ಕಂಡರೆ ಸುಮ್ನೆ ಓಡುತ್ತೇನೆ. ಹಡಗು ಒಡೆದರೆ ಮಾರದೆ ಇಟ್ಟುಕೊಂಡ ಸ್ಕ್ಯಾನ್ ಮಾಹಿತಿ ಪೂರ್ತಿ ಹೋಗುತ್ತದೆ, ಮೊದಲು ಕಂಡುಹಿಡಿದವರು ಅಂತ ಹೆಸರು ಬರುವ ಆಸೆಯೂ ಅದರ ಜೊತೆಗೇ.

ಮಲೆನಾಡಿನವರಿಗೆ ಒಂದು ಕಿವಿಮಾತು. ಈ ಆಟ ಒಬ್ಬರೇ ಆಡಿದರೂ ನೆಟ್ ಬೇಕು. ಆಗುಂಬೆ ಕಡೆ ಮಳೆ ಹಿಡಿದು ಮರ ಬಿದ್ದು ಕರೆಂಟು ಹೋದರೆ ಗಾಬರಿ ಬೇಡ, ಅದರಿಂದ ಹಡಗು ಒಡೆಯುವುದಿಲ್ಲ. ಮತ್ತೆ ಲಾಗಿನ್ ಆದಾಗ ಅದೇ ನಕ್ಷತ್ರದ ವ್ಯವಸ್ಥೆಯಲ್ಲಿ ಇರುತ್ತೀರಿ. ಆದರೂ ಗುಡುಗು ಶುರುವಾದಾಗ ನ್ಯೂಟ್ರಾನ್ ನಕ್ಷತ್ರದ ಬಾಲಕ್ಕೆ ನುಗ್ಗುವ ಸಾಹಸ ಯಾಕೆ? ಅದು ಜಂಪನ್ನು ನಾಲ್ಕು ಪಟ್ಟು ಮಾಡುತ್ತದೆ ನಿಜ, ಡ್ರೈವನ್ನೂ ಸವೆಸುತ್ತದೆ. ರಿಪೇರಿ ಘಟಕ ಇಟ್ಟುಕೊಂಡೇ ಹೋಗಿ. ಆಸ್ಪ್‌ನಲ್ಲಿ ಅದಕ್ಕೂ ಜಾಗ ಇದೆ, ನೆಲದ ಮೇಲೆ ಓಡಿಸುವ ಗಾಡಿಗೂ ಜಾಗ ಇದೆ.

ಮತ್ತೆ ಆ ಕಿಟಕಿ! ತಲೆಯ ಮೇಲೂ ಗಾಜು, ಕಾಲ ಹತ್ತಿರವೂ ಗಾಜು. ಗ್ರಹದ ಮೇಲೆ ಇಳಿಯುವಾಗ ನೆಲ ಎದ್ದು ಬರುವುದು ಕಾಣುತ್ತದೆ. ಸುಮಾರು 14.7 ಕೋಟಿಯ ಅನಕೊಂಡದಲ್ಲಿ ಕೂತರೆ ಮುಂದೆ ಕಾಣುವುದು ಹಡಗಿನದೇ ಮೂತಿ. ನೋಡೋಕೆ ಅಂತಲೇ ಹೊರಟವರಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಕ್ರೈಟ್ ಫ್ಯಾಂಟಮ್ ಇದಕ್ಕಿಂತ ಒಳ್ಳೆಯದು, ಒಪ್ಪುತ್ತೇನೆ. ಸುಮಾರು 3.7 ಕೋಟಿ ಇದ್ದವರು ಅದನ್ನೇ ತಗೊಳ್ಳಿ. ಸರಕು ಹೊರುವ ಆಸೆಯೇ ಇಲ್ಲ, ಸುಮ್ನೆ ಅಲೆಯಬೇಕು ಅನ್ನುವವರಿಗೆ ಸುಮಾರು 19 ಲಕ್ಷದ ಡೈಮಂಡ್‌ಬ್ಯಾಕ್ ಸಾಕು, ಮೈ ಚಿಕ್ಕದಾದ್ದರಿಂದ ಗುಡ್ಡದ ಸಂದಿಯಲ್ಲೂ ಇಳಿಯುತ್ತದೆ. ಇವೆರಡರ ನಡುವೆ ಇರುವವರಿಗೆ ಆಸ್ಪ್. ಮ್ಯಾಂಡಲೇ ಅಭಿಮಾನಿಗಳು ಕಾಮೆಂಟಿನಲ್ಲಿ ಬೈಯಬಹುದು, ಆದರೆ ಮೊದಲ ಹಡಗಾಗಿ ಏನು ತಗೊಂಡಿದ್ದಿರಿ ಅಂತ ಹೇಳಿ ಬೈಯಿರಿ.