ಆಲೂಗಡ್ಡೆ ಬಿಡಿ ಅಂದರೆ ಸಾಲದು, ಬದಲಿಗೆ ಏನು ಅಂತಲೂ ಹೇಳಿ

ಮನೆಯಲ್ಲಿ ಒಬ್ಬರಿಗೆ ಶುಗರ್ ಬಂತು ಅಂದ ಕೂಡಲೇ ಡಾಕ್ಟರ್, ನೆಂಟರು, ವಾಟ್ಸಾಪ್ ಗ್ರೂಪಿನವರು ಎಲ್ಲರೂ ಹೇಳುವುದು ಒಂದೇ ಮಾತು. ಆಲೂಗಡ್ಡೆ ಬಿಡಿ. ಸರಿ, ಬಿಡೋಣ. ಆದರೆ ಚಪಾತಿಗೆ ಪಲ್ಯ, ಪೂರಿಗೆ ಸಾಗು, ದೋಸೆಯೊಳಗಿನ ಪಲ್ಯ, ಮಳೆ ಬಂದ ಸಂಜೆ ಬೋಂಡ, ಎಲ್ಲದಕ್ಕೂ ಅದನ್ನೇ ನೆಚ್ಚಿಕೊಂಡಿರುವ ಬೆಂಗಳೂರಿನ ಮನೆಗಳಲ್ಲಿ ಆ ಜಾಗಕ್ಕೆ ಏನು ಹಾಕಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಹಾಗಾಗಿ ಮನೆಯವರು ತಮಗೆ ತೋಚಿದ್ದನ್ನು ತರುತ್ತಾರೆ. ಸಿಹಿಗೆಣಸು, ಸುವರ್ಣಗಡ್ಡೆ, ಬಾಳೆಕಾಯಿ. ಆಲೂಗಡ್ಡೆ ಅಲ್ವಲ್ಲ ಅನ್ನುವ ಧೈರ್ಯದಲ್ಲಿ ಒಂದು ಸೌಟು ಜಾಸ್ತಿಯೇ ಬಡಿಸುತ್ತಾರೆ.

ನನಗೆ ಸಂಕಟವಾಗುವುದು ಇಲ್ಲೇ. ನೂರು ಗ್ರಾಂ ಆಲೂಗಡ್ಡೆಯಲ್ಲಿ ಸುಮಾರು 17 ಗ್ರಾಂ ಕಾರ್ಬ್, ಅಂದರೆ ಪಿಷ್ಟ, ಸಕ್ಕರೆ, ನಾರು ಎಲ್ಲ ಸೇರಿದ ಕಾರ್ಬೋಹೈಡ್ರೇಟ್ ಇದೆ. ಸಿಹಿಗೆಣಸಿನಲ್ಲಿ ಸುಮಾರು 20, ಕೆಸುವಿನ ಗಡ್ಡೆಯಲ್ಲಿ 26ರ ಹತ್ತಿರ, ಮರಗೆಣಸಿನಲ್ಲಂತೂ 38. ಸುವರ್ಣಗಡ್ಡೆ, ಬಾಳೆಕಾಯಿ ಕೂಡ ಪಿಷ್ಟದ ತರಕಾರಿಗಳೇ. ಇವೆಲ್ಲ ಒಳ್ಳೆಯ ತರಕಾರಿಗಳು, ನಾನೂ ತಿನ್ನುತ್ತೇನೆ. ಆದರೆ ಕಾರ್ಬ್ ಕಡಿಮೆ ಮಾಡಬೇಕು ಅಂತ ಹೊರಟವರಿಗೆ ಇವು ಬದಲಿ ಆಗುವುದಿಲ್ಲ.

ಬದಲಿ ಹುಡುಕಿಕೊಂಡು ಮಾಲ್‌ಗೆ ಹೋಗಿ ದುಬಾರಿ ಝುಕಿನಿ ತರಬೇಕಾಗಿಯೂ ಇಲ್ಲ. ಗಾಂಧಿ ಬಜಾರಿನಲ್ಲಿ, ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ, ಹಾಪ್‌ಕಾಮ್ಸ್ ಅಂಗಡಿಯಲ್ಲಿ, ಮನೆ ಮುಂದೆ ಬರುವ ತಳ್ಳುಗಾಡಿಯಲ್ಲಿ ನವಿಲುಕೋಸು ಸಿಗುತ್ತದೆ. ನನ್ನ ಪ್ರಕಾರ ಆಲೂಗಡ್ಡೆಯ ಜಾಗಕ್ಕೆ ಮೊದಲು ಬರಬೇಕಾದದ್ದು ಇದೇ. ನೂರು ಗ್ರಾಂಗೆ 6 ಗ್ರಾಂ ಸುತ್ತಮುತ್ತ ಕಾರ್ಬ್, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಬರೀ ನಾರು. ಚಿಕ್ಕದನ್ನೇ ಆರಿಸಿ, ದೊಡ್ಡದು ಬಲಿತು ಬುಡದಲ್ಲಿ ಕಟ್ಟಿಗೆಯಂತಾಗಿರುತ್ತದೆ. ಸಿಪ್ಪೆಯನ್ನು ಸ್ವಲ್ಪ ದಪ್ಪಗೇ ತೆಗೆಯಿರಿ, ಯಾಕೆಂದರೆ ಹೊರಗಿನ ಹಸಿರಿನ ಕೆಳಗೆ ಇನ್ನೊಂದು ನಾರಿನ ಪದರ ಇರುತ್ತದೆ, ಅದು ಉಳಿದರೆ ಎಷ್ಟು ಬೇಯಿಸಿದರೂ ಬಾಯಿಗೆ ಸಿಗುತ್ತಲೇ ಇರುತ್ತದೆ. ಸಣ್ಣಗೆ ಹೆಚ್ಚಿ ಉಪ್ಪು ಹಾಕಿ ಬೇಯಿಸಿ, ನೀರು ಬಸಿದು, ಸಾಸಿವೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ, ಕರಿಬೇವು, ಜಾಸ್ತಿ ಈರುಳ್ಳಿ, ಅರಿಶಿನ ಹಾಕಿದ ಒಗ್ಗರಣೆಗೆ ಸೇರಿಸಿ, ಸೌಟಿನ ಹಿಂಭಾಗದಿಂದ ಅರ್ಧಂಬರ್ಧ ಜಜ್ಜಿ. ಆಲೂಗಡ್ಡೆ ಥರ ಇದು ತಾನಾಗಿ ಮುದ್ದೆಯಾಗುವುದಿಲ್ಲ, ಅದಕ್ಕೇ ಒಂದು ಚಮಚ ಹುರಿಗಡಲೆ ಪುಡಿ ಉದುರಿಸಿದರೆ ಹಿಡಿದುಕೊಳ್ಳುತ್ತದೆ. ಕೊನೆಗೆ ನಿಂಬೆಹಣ್ಣು ಹಿಂಡಿ. ಗಾಡಿಯವರು ಸೊಪ್ಪು ಕಿತ್ತುಹಾಕಲು ಹೊರಟರೆ ತಡೆದು ಅದನ್ನೂ ತನ್ನಿ, ಎಳೆಯ ಎಲೆ ಪಲ್ಯಕ್ಕೆ ತುಂಬಾ ಚೆನ್ನಾಗಿರುತ್ತದೆ.

ಪೂರಿ ಸಾಗುವಿಗಾದರೆ ಸೀಮೆಬದನೆಕಾಯಿ. ಕಾರ್ಬ್ 4ರಿಂದ 5 ಗ್ರಾಂ ಅಷ್ಟೇ, ಬೆಂದರೂ ಹೋಳು ಒಡೆಯುವುದಿಲ್ಲ, ಮಸಾಲೆಯನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಸಾಗು ಗಟ್ಟಿಯಾಗುವುದು ಆಲೂಗಡ್ಡೆಯಿಂದ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ರುಬ್ಬಿ ಹಾಕುವ ಕಾಯಿ, ಹುರಿಗಡಲೆ, ಗಸಗಸೆಯೇ ಸಾಕು. ಹೆಚ್ಚುವಾಗ ಕೈಗೆ ಅಂಟು ಹತ್ತುತ್ತದೆ, ಎಣ್ಣೆ ಸವರಿಕೊಂಡರೆ ತೊಂದರೆ ಇಲ್ಲ.

ಪರಾಠದ ಹೂರಣಕ್ಕೆ ಹೂಕೋಸು ಸರಿ. ನೀರಿನಲ್ಲಿ ಕುದಿಸಬೇಡಿ, ಹಬೆಯಲ್ಲಿ ಬೇಯಿಸಿ ಬಟ್ಟೆಯಲ್ಲಿ ಹಿಂಡಿ, ಇಲ್ಲದಿದ್ದರೆ ಲಟ್ಟಿಸುವಾಗ ಹಿಟ್ಟು ಹರಿದುಹೋಗುತ್ತದೆ. ಹಾಗಂತ ಗೋಬಿ ಮಂಚೂರಿ ತಿಂದು ಹೂಕೋಸು ತಿಂದೆ ಅಂತ ಲೆಕ್ಕ ಹಾಕಬೇಡಿ, ಮೈದಾ, ಕಾರ್ನ್‌ಫ್ಲೋರಿನ ಆ ಹೊದಿಕೆ ಇದೆಯಲ್ಲ, ಅದೆಲ್ಲ ಪಿಷ್ಟವೇ. ಮೂಲಂಗಿಯೂ ಆಲೂಗಡ್ಡೆಗೆ ಬದಲಿಯಾಗುತ್ತದೆ, ಅದರ ವಾಸನೆ ಆಗದವರು ಈರುಳ್ಳಿ ಜೊತೆ ಚೆನ್ನಾಗಿ ಹುರಿದು ನೋಡಿ, ಆ ಘಾಟು ಬಹಳ ಮಟ್ಟಿಗೆ ಹೋಗುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಪಲ್ಯ ಬದಲಾಯಿಸಿ ದೋಸೆಯ ಲೆಕ್ಕ ಮರೆತರೆ ಏನೂ ಪ್ರಯೋಜನವಿಲ್ಲ. ಮಸಾಲೆ ದೋಸೆಯಲ್ಲಿ ಪಲ್ಯಕ್ಕಿಂತ ಅಕ್ಕಿ ಹಿಟ್ಟಿನ ಕಾರ್ಬೇ ದೊಡ್ಡದು. ಚಪಾತಿಗೆ ಆಲೂಗಡ್ಡೆ ಪಲ್ಯ ತೊಂದರೆ ಆಗುವುದು ಕೂಡ ಪಿಷ್ಟದ ಮೇಲೆ ಪಿಷ್ಟ ಬೀಳುವುದರಿಂದ. ಎರಡು ಚಪಾತಿ, ತಟ್ಟೆಯ ಅರ್ಧದಷ್ಟು ನವಿಲುಕೋಸು ಪಲ್ಯ, ಒಂದು ಬಟ್ಟಲು ಬೇಳೆ ಇದ್ದರೆ ಊಟವೂ ಆಗುತ್ತದೆ, ಹೊಟ್ಟೆಯೂ ತುಂಬುತ್ತದೆ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಕಾರ್ಬನ್ನು ಒಮ್ಮೆಲೇ ಜಾಸ್ತಿ ಇಳಿಸುವ ಮುಂಚೆ ಡಾಕ್ಟರಿಗೆ ಹೇಳಿ, ಡೋಸ್ ಹಾಗೇ ಇದ್ದರೆ ಶುಗರ್ ತೀರಾ ಕೆಳಗೆ ಇಳಿಯಬಹುದು.

ಹಾಸನದ, ಚಿಕ್ಕಬಳ್ಳಾಪುರದ ರೈತರು ಬೆಳೆದ ಆಲೂಗಡ್ಡೆಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನನ್ನ ಸಿಟ್ಟು ಇರುವುದು ಶುಗರ್ ಇರುವವರಿಗೆ ಅಂತ ಉಪ್ಪು ಖಾರ ಇಲ್ಲದ ಒಂದು ಬಟ್ಟಲನ್ನು ಪಕ್ಕಕ್ಕಿಟ್ಟು, ಉಳಿದವರೆಲ್ಲ ಅವರ ಎದುರೇ ಆಲೂಗಡ್ಡೆ ಪಲ್ಯ ಬಡಿಸಿಕೊಳ್ಳುವುದರ ಮೇಲೆ. ಅರವತ್ತು ದಾಟಿದ ಅಪ್ಪನೋ ಅತ್ತೆಯೋ ತಮ್ಮ ಮನೆಯಲ್ಲೇ ಬೇರೆ ಅಡುಗೆ ತಿನ್ನುವ ಹಾಗೆ ಯಾಕಾಗಬೇಕು? ಒಂದೇ ಪಾತ್ರೆಯಲ್ಲಿ ನವಿಲುಕೋಸು ಪಲ್ಯ ಮಾಡಿ, ಒಗ್ಗರಣೆಗೆ ಜಿಪುಣತನ ಮಾಡಬೇಡಿ, ಮಕ್ಕಳಿಗೂ ಅದನ್ನೇ ಬಡಿಸಿ.