ಕೂತು ಬರೆಯೋ ಕೆಲಸವಂತೆ!

ಈಗಷ್ಟೇ ಒಂದು ಬೀಳ್ಕೊಡುಗೆ ಸಮಾರಂಭ ಮುಗಿಸಿ ಬಂದೆ. ತಲೆ ಬಿಸಿಯಾಗಿದೆ. ನಿವೃತ್ತನಾದವನು ನನ್ನ ಹಾಗೇ ರೈಲ್ವೆ ಲೆಕ್ಕಪತ್ರ ವಿಭಾಗಕ್ಕೆ ಗುಮಾಸ್ತನಾಗಿ ಸೇರಿ, ಅಲ್ಲೇ ತಲೆ ನರೆಸಿಕೊಂಡವನು. ಭಾಷಣಕ್ಕೆ ನಿಂತ ಸಾಹೇಬರು ಹೇಳಿದ್ದೇನು ಗೊತ್ತಾ? "ನಿಮ್ಮದು ಆರಾಮದ ಕೆಲಸ ಬಿಡಿ, ಫ್ಯಾನ್ ಕೆಳಗೆ ಕೂತು ಬರೆಯೋದು." ಆಮೇಲೆ ನೆನಪಿನ ಕಾಣಿಕೆ ಅಂತ ಪುಟ್ಟ ಎಂಜಿನ್ ಗೊಂಬೆ! ಪಾಪ, ಅವನು ಯಾವ ಕಾಲಕ್ಕೆ ಎಂಜಿನ್ ಹತ್ತಿದ್ದ?

ಆಡಿಟ್‌ನವರು ಆಕ್ಷೇಪಣೆ ಎತ್ತಿದಾಗ ಇದೇ ಸಾಹೇಬರು ಫೈಲ್ ಹಿಡಿದು ನನ್ನ ಮೇಜಿನ ಮುಂದೆ ನಿಂತಿದ್ದರು. ಇರಲಿ, ಅವರಿಗೆ ಮರೆವು ಜಾಸ್ತಿ.

ಎಲ್ಲರಿಗೂ ರೈಲ್ವೆ ಅಂದ್ರೆ ಚಾಲಕ, ಗಾರ್ಡ್, ಸ್ಟೇಷನ್ ಮಾಸ್ಟರ್. ರೈಲು ದುಡಿದ ದುಡ್ಡು ಎಲ್ಲಿ ಹೋಯಿತು ಅಂತ ಹುಡುಕುವವರು ಯಾರು ಸ್ವಾಮಿ?

ಹಳೇ ರಟ್ಟಿನ ಟಿಕೆಟ್ ನೆನಪಿದೆಯಾ? ಅದರ ಮೇಲಿನ ನಂಬರ್ ನೀವು ನೋಡಿರಲಿಕ್ಕಿಲ್ಲ. ನಮಗೆ ಅದೇ ಪ್ರಾಣ. ಯಾವ ನಂಬರಿನಿಂದ ಶುರುವಾಯಿತು, ಯಾವುದಕ್ಕೆ ಬಂದು ನಿಂತಿತು, ಕಳೆದರೆ ಮಾರಾಟದ ಲೆಕ್ಕ. ನಡುವೆ ಒಂದು ಟಿಕೆಟ್ ಕಾಣೆಯಾದರೂ ಕೌಂಟರಿನವನ ತಲೆಗೆ ಡೆಬಿಟ್. 1830ರ ದಶಕದಲ್ಲಿ ಇದನ್ನು ಶುರು ಮಾಡಿದ ಥಾಮಸ್ ಎಡ್ಮಂಡ್‌ಸನ್ ಇಂಗ್ಲೆಂಡಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದವನು. ಟಿಕೆಟ್ ಕೈಯಲ್ಲಿ ಬರೆದು ಬರೆದು ಸಾಕಾಗಿರಬೇಕು.

ಇನ್ನು ಆಗ ಅಲ್ಲಿ ರೈಲುಗಳು ಬೇರೆ ಬೇರೆ ಖಾಸಗಿ ಕಂಪನಿಗಳವು; ಒಂದೇ ಟಿಕೆಟ್ಟಿನಲ್ಲಿ ಮೂರು ಕಂಪನಿಗಳ ಹಳಿ ಮೇಲೆ ಹೋದರೆ ಯಾರ ಪಾಲು ಎಷ್ಟು? ಈ ತಂಟೆ ಬಿಡಿಸೋಕೆ ಅಂತಲೇ 1842ರಲ್ಲಿ ಲಂಡನ್ನಿನಲ್ಲಿ ರೈಲ್ವೆ ಕ್ಲಿಯರಿಂಗ್ ಹೌಸ್ ಹುಟ್ಟಿತು. ಅಲ್ಲಿ ಕೂತು ಪಾಲು ಹಂಚಿದವರೂ ಗುಮಾಸ್ತರೇ. ಅವರಿಗೆ ಯಾರೂ ಪ್ರತಿಮೆ ನಿಲ್ಲಿಸಿದ್ದು ನಾನು ಕಂಡಿಲ್ಲ.

"ನಿಮ್ಮ ಕೈಯಲ್ಲಿ ಪ್ರಯಾಣಿಕರ ಜೀವ ಇರಲಿಲ್ಲವಲ್ಲ" ಅಂತೀರಿ. ಒಪ್ಪಿದೆ. ಚಾಲಕನಿಗೆ ಕೈ ಮುಗೀತೀನಿ. ಆದರೆ ಅವನ ಸಂಬಳ, ಓಟಿ, ಪಿಂಚಣಿ ಲೆಕ್ಕ ಹಾಕಿದ್ದು ಸಿಗ್ನಲ್ ಕಂಬವಾ? "ಈಗೆಲ್ಲ ಕಂಪ್ಯೂಟರ್ ಮಾಡುತ್ತೆ" ಅನ್ನೋರೂ ಇದ್ದಾರೆ. ಮಾಡುತ್ತೆ. ಗೂಡ್ಸ್ ವ್ಯಾಗನ್ನಿನ ತೂಕ ತಪ್ಪಾಗಿ ಟೈಪ್ ಮಾಡಿ ನೋಡಿ, ಆ ತಪ್ಪನ್ನೇ ಪೈಸೆ ಸಮೇತ ಅಚ್ಚುಕಟ್ಟಾಗಿ ಕೂಡಿಸಿ ಕೊಡುತ್ತೆ.

ನಿಜ ಹೇಳಲಾ? ಈ ಕೆಲಸ ನನ್ನನ್ನು ಕೆಡಿಸಿಯೂ ಬಿಟ್ಟಿದೆ. ರೈಲಿನಲ್ಲಿ ಹೋಗುವಾಗ ಜನ ಹೊಲ, ಹೊಳೆ ನೋಡ್ತಾರೆ. ನನ್ನ ಕಣ್ಣು ಸೈಡಿಂಗಿನಲ್ಲಿ, ಅಂದ್ರೆ ಪಕ್ಕದ ಹಳಿಯಲ್ಲಿ, ಸರಕು ಇಳಿಸದೆ ನಿಂತ ವ್ಯಾಗನ್ ಮೇಲೆ. ಡೆಮರೇಜ್, ಅಂದ್ರೆ ವ್ಯಾಗನ್ ತಡವಾಗಿ ಖಾಲಿ ಮಾಡಿದ್ದಕ್ಕೆ ಬೀಳೋ ದಂಡ, ಎಷ್ಟಾಗಿರಬಹುದು ಅಂತ ಬಾಯಿಬಿಟ್ಟೇ ಲೆಕ್ಕ ಹಾಕ್ತೀನಿ. ಹೆಂಡತಿ ಈಗ ಕಿಟಕಿ ಸೀಟು ಕೊಡೋದನ್ನೇ ನಿಲ್ಲಿಸಿದ್ದಾಳೆ.