ಸತ್ಯಾಂಶ: ಸ್ಕೂಟರ್ ಬ್ಯಾಟರಿ ಸೊನ್ನೆಗೆ ಇಳಿಯುವವರೆಗೆ ಕಾಯಬೇಕಿಲ್ಲ

ಪುಣೆಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಈ ಸಂದೇಶ ಮತ್ತೆ ಓಡಾಡುತ್ತಿದೆ: "ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿ ಪೂರ್ತಿ ಖಾಲಿಯಾದ ಮೇಲೇ ಚಾರ್ಜ್ ಮಾಡಿ, ಇಲ್ಲದಿದ್ದರೆ ಬೇಗ ಹಾಳಾಗುತ್ತದೆ." ಇದು ಸರಿಯಲ್ಲ.

ಈ ಮಾತು ಹಳೆಯ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ಅರ್ಧಂಬರ್ಧ ಚಾರ್ಜ್ ಮಾಡುತ್ತಾ ಹೋದರೆ ಅವುಗಳ ಶಕ್ತಿ ಕುಗ್ಗಿದಂತೆ ಆಗುತ್ತಿತ್ತು. ಈಗಿನ ಸ್ಕೂಟರ್‌ಗಳಲ್ಲಿ ಹೆಚ್ಚಾಗಿ ಇರುವುದು ಲಿಥಿಯಂ-ಅಯಾನ್. ಅದಕ್ಕೆ ಆ ತೊಂದರೆ ಇಲ್ಲ. ಪದೇ ಪದೇ ಸೊನ್ನೆಗೆ ಇಳಿಸಿದರೇ ಅದು ಬೇಗ ಸವೆಯುತ್ತದೆ. ದಿನದ ಓಡಾಟಕ್ಕೆ ಶೇ. 20ರಿಂದ 80ರ ನಡುವೆ ಇಟ್ಟರೆ ಒಳ್ಳೆಯದು. ದೂರ ಹೋಗುವ ದಿನ ಪೂರ್ತಿ ತುಂಬಿಸಿ, ಹೆದರಬೇಡಿ. ಗಾಡಿಯ ಜೊತೆ ಬಂದ ಪುಸ್ತಕ ಬೇರೆ ಹೇಳಿದರೆ ಅದನ್ನೇ ಕೇಳಿ.

ಬ್ಯಾಟರಿಯ ನಿಜವಾದ ಶತ್ರು ಬಿಸಿ. ಏಪ್ರಿಲ್ ಬಿಸಿಲು ಇಲ್ಲಿ 40 ಡಿಗ್ರಿ ಮುಟ್ಟುತ್ತದೆ, ಗೊತ್ತಲ್ವಾ? ಸಿಂಹಗಡದ ಘಾಟ್ ಹತ್ತಿ ಬಂದ ಗಾಡಿಗೆ ಕೂಡಲೇ ಪ್ಲಗ್ ಹಾಕಬೇಡಿ. ಅರ್ಧ ಗಂಟೆ ನೆರಳಲ್ಲಿ ಆರಲು ಬಿಡಿ.

ನನಗೆ ಜಾಸ್ತಿ ಚಿಂತೆ ಇನ್ನೊಂದರದ್ದು. ಸೊಸೈಟಿಗಳಲ್ಲಿ ಕೆಲವರು ಮೂರನೇ ಮಹಡಿಯಿಂದ ತೆಳ್ಳನೆಯ ಎಕ್ಸ್‌ಟೆನ್ಷನ್ ವೈರ್ ಇಳಿಬಿಡುತ್ತಾರೆ. ಗಂಟೆಗಟ್ಟಲೆ ಕರೆಂಟ್ ಹರಿದರೆ ಅಂಥ ವೈರ್ ಕಾಯುತ್ತದೆ, ಕರಗಲೂಬಹುದು. ಅರ್ಥಿಂಗ್ ಇರುವ ಸಾಕೆಟ್ಟನ್ನು ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿ. ಗಾಡಿಯ ಕಂಪನಿ ಕೊಟ್ಟ ಚಾರ್ಜರನ್ನೇ ಬಳಸಿ. ಬಿಚ್ಚಿ ತರುವ ಬ್ಯಾಟರಿಯನ್ನು ಮೆಟ್ಟಿಲ ಬಳಿ, ಬಾಗಿಲಿಗೆ ಅಡ್ಡವಾಗಿ ಇಡಬೇಡಿ. ಬೆಂಕಿ ಹತ್ತಿದರೆ ಹೊರಗೆ ಓಡುವ ದಾರಿ ಅದೇ. ಊದಿಕೊಂಡ, ನೀರು ಹೊಕ್ಕ ಬ್ಯಾಟರಿಯನ್ನು ಚಾರ್ಜ್ ಮಾಡಲೇಬೇಡಿ, ಸರ್ವಿಸ್ ಸೆಂಟರ್‌ಗೆ ತಿಳಿಸಿ.